ರುದ್ರಮುನಿ ಖಾನಾವಳಿಯ ನೂರೆಂಬತ್ತು ಹಾಳೆ

ಶಿವಲೀಲಕ್ಕನ ಹತ್ತಿರ ಕರಾರು ಪತ್ರ ಇರಲಿಲ್ಲ. ನಾಲ್ಕು ಶೆಟರಿನ ಕಟ್ಟಡ ಇತ್ತು, ಕಟ್ಟಡದ ಮೇಲೆ ಸೊಸೈಟಿಯ ಸಾಲ ಇತ್ತು, ಟೆಲಿಫೋನ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಊರವರ ಮಾತು ಕದ್ದು ಕೇಳಿ ಗಳಿಸಿದ ಪಿಂಚಣಿ ಇತ್ತು, ಬಾಯಿಯಂತೂ ಇದ್ದೇ ಇತ್ತು. ಕರಾರು ಪತ್ರ ಮಾತ್ರ ಇರಲಿಲ್ಲ. ನಮ್ಮ ಊರಿನಲ್ಲಿ ಅಂಗಡಿ ಬಾಡಿಗೆಗೆ ಕೊಡುವವರು ಕೀಲಿಕೈ ಜೊತೆ ಒಂದು ಮುಷ್ಟಿ ಹರಳುಪ್ಪು ಕೊಡುತ್ತಾರೆ. ಬಾಡಿಗೆದಾರ ಅದರಲ್ಲಿ ಒಂದು ಹರಳನ್ನು ಅಲ್ಲೇ ಬಾಯಿಗೆ ಹಾಕಿಕೊಂಡು ಮುಖ ಕಿವುಚುತ್ತಾನೆ. ಅಲ್ಲಿಗೆ ಕರಾರು ಮುಗಿಯಿತು. ರುದ್ರಮುನಿ ಇಪ್ಪತ್ತೆರಡು ವರ್ಷದ ಹಿಂದೆ ಹಾಗೆ ಉಪ್ಪು ತಿಂದು ಮೊದಲನೇ ಶೆಟರಿನಲ್ಲಿ ಖಾನಾವಳಿ ತೆರೆದ. ಎರಡನೆಯದರಲ್ಲಿ ನನ್ನ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಮೂರನೆಯದೂ ನಾಲ್ಕನೆಯದೂ ಖಾಲಿ ಬಿದ್ದಿದ್ದವು. ಹೆಚ್ಚಿನ ಬಾಡಿಗೆ ಬರುತ್ತಿದ್ದದ್ದು ಖಾನಾವಳಿಯಿಂದ. ನಾನು ಕೊಡುತ್ತಿದ್ದದ್ದು ಶಿವಲೀಲಕ್ಕನ ಭಾಷೆಯಲ್ಲಿ ‘ಚಹಾದ ಖರ್ಚು’.

ಆ ರುದ್ರಮುನಿ ದಿವಾಳಿ ಎದ್ದ. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಊಟಕ್ಕೆ ಬಂದವರಿಗೆಲ್ಲ ‘ಇನ್ನೊಂದು ರೊಟ್ಟಿ ತಗೋರಿ’ ಎನ್ನುವ ಚಟ ಅವನಿಗಿತ್ತು. ದುಡ್ಡು ಕೇಳುವ ಚಟ ಇರಲಿಲ್ಲ. ಕೋರ್ಟಿನ ಅಮೀನ ಶೆಟರಿಗೆ ನೋಟೀಸು ಅಂಟಿಸಲು ಬಂದ ಮಧ್ಯಾಹ್ನ ರುದ್ರಮುನಿ ಯಾವುದೋ ಪಾರ್ಟಿಯ ಸಭೆಗೆಂದು ನಾನೂರಾ ಹನ್ನೆರಡು ಮಿರ್ಚಿ ಭಜಿ ಕರಿದು ಬುಟ್ಟಿ ತುಂಬಿಸಿದ್ದ. ಸಭೆ ರದ್ದಾಗಿತ್ತು. ಆ ಸುದ್ದಿ ತಂದವನೂ ನೋಟೀಸು ತಂದವನೂ ಒಟ್ಟಿಗೆ ಬಾಗಿಲಲ್ಲಿ ನಿಂತರು. ಅಮೀನ ಗೋಂದು ಹಚ್ಚಿ ನೋಟೀಸು ಒತ್ತಿದ. ದಿವಾಳಿ ಅಂಗಡಿಗಳಲ್ಲಿ ಆಗುವಂತೆ ಒಳಗಿನ ದಿನ ಅಲ್ಲಿಗೆ ನಿಂತಿತು.

ನಿಂತಿತು ಎಂದರೆ ಒಳಗೆ ಯಾರೂ ಕಲ್ಲಾಗುವುದಿಲ್ಲ. ಹೋಗಬಹುದು, ಬರಬಹುದು, ಕುಳಿತು ಹರಟೆ ಹೊಡೆಯಬಹುದು. ಹಾಲು ಒಡೆಯುವುದಿಲ್ಲ, ಹಿಟ್ಟು ಹುಳಿಯುವುದಿಲ್ಲ, ಹೊಟ್ಟೆ ಹಸಿಯುವುದಿಲ್ಲ, ಗಡ್ಡ ಬೆಳೆಯುವುದಿಲ್ಲ, ಅಷ್ಟೇ. ಅಮೀನ ನೂರೆಂಬತ್ತು ಹಾಳೆಯ ಒಂದು ಕಟ್ಟನ್ನು ಅಂಗಡಿಯ ಗೋಡೆಗೆ ನೇತುಹಾಕಿ ಹೋಗುತ್ತಾನೆ. ಅದರಿಂದ ಒಂದು ಹಾಳೆ ಹರಿದು ಹೊಸಿಲು ದಾಟಿದರೆ, ಅವತ್ತು ಸಂಜೆ ಆರಕ್ಕೆ ಗಿರಣಿಯ ಸೈರನ್ ಕೂಗುವಾಗ ಒಳಗೆ ಒಂದು ದಿನ ಸರಿಯುತ್ತದೆ. ನೂರೆಂಬತ್ತೂ ಮುಗಿದರೆ ನೋಟೀಸು ತಾನಾಗಿ ಉದುರುತ್ತದೆ, ತಡೆ ತೀರುತ್ತದೆ. ಅಲ್ಲಿಯ ತನಕ ಸಾಲ ಕೊಟ್ಟವನು ಕೇಳುವಂತಿಲ್ಲ, ಮಾಲೀಕ ಖಾಲಿ ಮಾಡಿಸುವಂತಿಲ್ಲ. ಹಾಳೆ ಹರಿಯುವ ಕೆಲಸ ದಿವಾಳಿ ಆಸ್ತಿ ನೋಡಿಕೊಳ್ಳಲು ಕೋರ್ಟು ಕೂರಿಸಿದ ರಿಸೀವರ್ ಕಟಗೇರಿ ಸಾಹೇಬರದು.

ಕಟಗೇರಿಯವರಿಗೆ ದಾಖಲೆಯ ಪ್ರಕಾರ ಅರವತ್ತೊಂದು. ನೋಡಿದರೆ ಮೂವತ್ತನಾಲ್ಕು. ಇಡೀ ನೌಕರಿಯನ್ನು ನಿಂತುಹೋದ ಅಂಗಡಿಗಳ ಒಳಗೆ ಮೇಜು ಹಾಕಿಕೊಂಡು ಕಳೆದ ಮನುಷ್ಯ. ಅವರ ಹೆಂಡತಿ ಅವರ ಜೊತೆ ಸಂತೆಗೆ ಹೋಗುವುದನ್ನು ಬಿಟ್ಟು ಎಂಟು ವರ್ಷವಾಗಿತ್ತು. ತರಕಾರಿಯವರು ‘ನಿಮ್ಮ ಮಗ ಏನ್ ಓದ್ಯಾನ್ರಿ’ ಎಂದು ಕೇಳುತ್ತಿದ್ದರಂತೆ. ಇಂಥವರಿಗೆ ಹಾಳೆ ಹರಿಯುವ ಅವಸರ ಎಲ್ಲಿಂದ ಬರಬೇಕು? ಒಂದು ದಿನ ಅಮಾವಾಸ್ಯೆ, ಒಂದು ದಿನ ಫೈಲು ಬಂದಿಲ್ಲ, ಒಂದು ದಿನ ಕೈ ಉಳುಕಿದೆ. ಹೊರಗೆ ಐದೂವರೆ ತಿಂಗಳು ಕಳೆದಾಗ ಒಳಗಿನಿಂದ ದಾಟಿದ್ದು ಮೂವತ್ತನಾಲ್ಕು ಹಾಳೆ. ದಾಟಿದ ದಿನಗಳಲ್ಲೂ ಅವರು ಮೊದಲು ಮಿರ್ಚಿಯ ಬುಟ್ಟಿಯನ್ನು ಹೊರಗಿಟ್ಟು, ತೊಟ್ಟಿಲ ಕೂಸನ್ನು ಎತ್ತಿದ ಹಾಗೆ ಎತ್ತಿಕೊಂಡು ಸೈರನ್ ಮುಗಿದ ಮೇಲೆ ಒಳಗೆ ತರುತ್ತಿದ್ದರು. ಅದು ದಿವಾಳಿಯ ಆಸ್ತಿ, ಕೆಡುವಂತಿಲ್ಲ. ಆಸ್ತಿಯ ಪಟ್ಟಿಯನ್ನು ನಾನೇ ಟೈಪ್ ಮಾಡಿದ್ದೆ. ಏಳನೇ ಸಾಲು: ಮಿರ್ಚಿ, ನಾನೂರಾ ಹನ್ನೆರಡು, ಸ್ಥಿತಿ: ಬಿಸಿ.

ಊರು ಇದಕ್ಕೆ ಬಹಳ ಬೇಗ ಹೊಂದಿಕೊಂಡಿತು. ಹೂವಿನ ಮಾಬೂಬಿ ಮಲ್ಲಿಗೆಯ ಬುಟ್ಟಿಗಳನ್ನು ಖಾನಾವಳಿಯ ಬೆಂಚಿನ ಕೆಳಗೆ ಇಡತೊಡಗಿದಳು. ಡೈರಿಯವರು ಹಾಲಿನ ಕ್ಯಾನು ಇಟ್ಟರು. ಬೀದಿಯ ಹೆಂಗಸರು ಇಡ್ಲಿ ಹಿಟ್ಟಿಟ್ಟರು. ಪರೀಕ್ಷೆಗೆ ಕೂತ ಹುಡುಗಿಯರು ಹಸಿವು ನಿದ್ದೆಯ ಕಾಟವಿಲ್ಲದೆ ಅಲ್ಲೇ ಓದಿದರು. ಇದಕ್ಕೆಲ್ಲ ಕಟಗೇರಿಯವರು ಬುಟ್ಟಿಗಿಷ್ಟು, ಕ್ಯಾನಿಗಿಷ್ಟು, ತಲೆಗಿಷ್ಟು ಎಂದು ವಸೂಲಿ ಮಾಡಿ ರಸೀದಿ ಕೊಡುತ್ತಿದ್ದರು. ಹಸಿದವರಿಗೆ ಸಾಲವಾಗಿ ಉಣ್ಣಿಸುತ್ತಿದ್ದ ಅಂಗಡಿ, ಹಸಿವೇ ಆಗದ ಜಾಗವಾದ ಮೇಲೆ ಮೊದಲ ಸಲ ಲಾಭ ಮಾಡಿತು.

ಲಾಭದಲ್ಲಿ ಒಂದು ಪೈಸೆಯೂ ಶಿವಲೀಲಕ್ಕನಿಗೆ ಬರಲಿಲ್ಲ. ಅವಳು ಕೇಳಲು ಹೋದಾಗ ನಾನೂ ಜೊತೆಗಿದ್ದೆ, ಕಾಗದ ಹಿಡಿದುಕೊಳ್ಳಲು.

“ಸಾಹೇಬ್ರ, ಗ್ವಾಡಿ ನಂದು, ಸೂರು ನಂದು. ಐದ ತಿಂಗಳ ಬಾಡಿಗಿ ಯಾರ ಕೊಡ್ತಾರ?”

“ಯಾವ ಐದ ತಿಂಗಳ್ರಿ ಅಕ್ಕಾರ?” ಕಟಗೇರಿಯವರು ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ಗೋಡೆಯ ಕಟ್ಟನ್ನು ನೋಡಿದರು. “ಇಲ್ಲಿ ಒಂದ ತಿಂಗಳ ಮ್ಯಾಲ ನಾಕ ದಿನ ಆಗೇತಿ.”

“ಹೊರಗ ಬಂದು ನೋಡ್ರಿ. ಎರಡ ಹಬ್ಬ ಹೋದ್ವು.”

“ಹೊರಗಿಂದು ನಮ್ಮ ವ್ಯಾಪ್ತಿಗೆ ಬರೂದಿಲ್ರಿ.”

“ಆತು, ಒಂದ ತಿಂಗಳದ್ದ ಕೊಡ್ರಿ.”

“ಕೊಡೂಣಂತ. ಸಾಲಾಗಿ ಬರ್ತೈತಿ. ಮೊದಲ ರಿಸೀವರ್ ಖರ್ಚು, ಅಂದ್ರ ನಂದು. ಆಮ್ಯಾಲ ಬ್ಯಾಂಕು. ಆಮ್ಯಾಲ ಕೆಲಸದವ್ರು. ಆಮ್ಯಾಲ ಸರಕಾರ. ಆಮ್ಯಾಲ ಎಣ್ಣಿ, ಹಿಟ್ಟು, ಕಟಗಿ ಕೊಟ್ಟಾವ್ರು. ಕಡೀಕ ‘ಇತರೆ’. ನೀವು ಇತರೆದಾಗ ಬರ್ತೀರಿ.”

“ಮನಿ ಮಾಲಕಿ ನಾ, ಇತರೆ ಹೆಂಗ ಆದೆ?”

“ಕರಾರ ಪತ್ರ ಇದ್ದಿದ್ರ ನಿಮಗೊಂದು ಸ್ವಂತ ಸಾಲು ಇರ್ತಿತ್ರಿ. ಐತೇನು?”

“ಉಪ್ಪು ತಿಂದಾನಲ್ರಿ ಅಂವ!”

“ಅದನ್ನ ಫೈಲಿಗೆ ಹೆಂಗ ಹಚ್ಚಲಿ, ಹೇಳ್ರಿ.”

ಮೂಲೆಯಲ್ಲಿ ಕುಳಿತಿದ್ದ ತೋಟಪ್ಪಜ್ಜ ಕೆಮ್ಮಿನ ಹಾಗೆ ನಕ್ಕ. ತೋಟಪ್ಪ ಎಣ್ಣೆಯ ವ್ಯಾಪಾರಿ. ರುದ್ರಮುನಿ ಅತಿ ಹೆಚ್ಚು ಬಾಕಿ ಉಳಿಸಿಕೊಂಡದ್ದು ಅವನಿಗೆ. ಎಪ್ಪತ್ತನಾಲ್ಕು ವರ್ಷ, ತೂಕದಲ್ಲಿ ಮೋಸ, ಎಲೆಯಾಟದಲ್ಲಿ ಇನ್ನೂ ಹೆಚ್ಚು ಮೋಸ. ನೋಟೀಸು ಅಂಟಿದ ವಾರದಲ್ಲೇ ದೊಡ್ಡಾಸ್ಪತ್ರೆಯವರು ಅವನ ಎದೆಯ ಚಿತ್ರ ತೆಗೆದು, ಮೂರು ತಿಂಗಳು ಎಂದಿದ್ದರು. ಅವನು ಮನೆಗೆ ಹೋಗಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ಖಾನಾವಳಿಗೆ ಬಂದು ಕುರ್ಚಿ ಎಳೆದುಕೊಂಡು ಕುಳಿತ. ‘ಬಾಕಿ ವಸೂಲಿಗೆ ಕುಂತೀನಿ’ ಎಂದು ಎಲ್ಲರಿಗೂ ಹೇಳಿದ. ಕಟಗೇರಿಯವರು ಹಾಳೆ ಹರಿದ ಸಂಜೆಗಳಲ್ಲಿ ಆರಕ್ಕೆ ಐದು ನಿಮಿಷವಿರುವಾಗ ಮಿರ್ಚಿಯ ಬುಟ್ಟಿಯ ಜೊತೆ ಹೊರಗೆ ಬರುತ್ತಿದ್ದ, ಸೈರನ್ ಮುಗಿದ ಮೇಲೆ ಬುಟ್ಟಿಯ ಜೊತೆಗೇ ಒಳಗೆ ಹೋಗುತ್ತಿದ್ದ. ಉಳಿದ ಮೂರು ತಿಂಗಳನ್ನು ಅವನು ದುಡ್ಡಿನ ಹಾಗೆ ಗಂಟು ಹಾಕಿ ಇಟ್ಟಿದ್ದ. ಐದೂವರೆ ತಿಂಗಳಲ್ಲಿ ಖರ್ಚಾದದ್ದು ಹೆಚ್ಚೆಂದರೆ ಒಂದು ವಾರ.

ದೀಪಾವಳಿಗೆ ಹತ್ತು ದಿನ ಇರುವಾಗ ಸೊಸೈಟಿಯಿಂದ ಶಿವಲೀಲಕ್ಕನಿಗೆ ಪತ್ರ ಬಂತು. ಹಬ್ಬದೊಳಗೆ ಕಂತು ಕಟ್ಟದಿದ್ದರೆ ಅಥವಾ ಖಾನಾವಳಿಗೆ ಹೊಸ ಬಾಡಿಗೆದಾರನನ್ನು ತಂದು ತೋರಿಸದಿದ್ದರೆ ನಾಲ್ಕೂ ಶೆಟರು ಹರಾಜು. ಹೊಸ ಬಾಡಿಗೆದಾರ ಸಿದ್ಧನಿದ್ದ. ಪೇಂಟಿನ ಅಂಗಡಿಯವನು, ಆರು ತಿಂಗಳ ಮುಂಗಡ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಖಾಲಿ ಬಿದ್ದ ಎರಡರಲ್ಲಿ ಒಂದು ತಗೋ ಎಂದರೆ ಕೇಳಲಿಲ್ಲ. ಅವನಿಗೆ ಮೂಲೆಯ ಶೆಟರೇ ಬೇಕು. ಮೂಲೆಯದು ನಿಂತಿತ್ತು.

ಪತ್ರವನ್ನು ಅವಳು ನನ್ನ ಅಂಗಡಿಯಲ್ಲೇ ಓದಿದಳು, ಎರಡು ಸಲ. ಅಳಲಿಲ್ಲ. ಅವಳು ಅಳುವವಳಲ್ಲ.

“ಭಾಗಿ, ಹಾಳಿ ಯಾರ ಹರೀಬೇಕು ಅಂತ ಆರ್ಡರದಾಗ ಬರದಾರೇನು?”

ಆರ್ಡರು ಟೈಪ್ ಮಾಡಿದವಳು ನಾನು. “ಇಲ್ರಿ ಅಕ್ಕಾರ. ‘ಹಾಳೆಯು ಹರಿದು ಹೊಸಿಲು ದಾಟತಕ್ಕದ್ದು’ ಅಂತ ಅಷ್ಟ ಐತಿ.”

“ದಿನಕ್ಕ ಒಂದ ಅಂತ?”

“ಅದೂ ಇಲ್ಲ. ಒಂದಕಿಂತ ಹೆಚ್ಚ ಹರಿಯೂ ರಿಸೀವರ್ ಈ ಊರಾಗ ಹುಟ್ಟಿಲ್ಲಂತ ಬಿಟ್ಟಿರಬೇಕು.”

“ಆ ಕಟ್ಟು ಯಾವ ಮೊಳಿಗೆ ತೂಗಬಿಟ್ಟಾರ, ನೋಡೀಯೇನು?”

ನೋಡಿದ್ದೆ. ಖಾನಾವಳಿಯ ಗೋಡೆಗಿದ್ದದ್ದು ಒಂದೇ ಮೊಳೆ, ಒಲೆಯ ಎಡಕ್ಕೆ. ಇಪ್ಪತ್ತೆರಡು ವರ್ಷದಿಂದ ರುದ್ರಮುನಿ ಮಿರ್ಚಿ ಕಟ್ಟಿಕೊಡುವ ಕಾಗದವನ್ನು ಅದೇ ಮೊಳೆಗೆ ಚುಚ್ಚುತ್ತಿದ್ದ. ಕಾಗದ ಹೋಗುತ್ತಿದ್ದದ್ದು ನನ್ನ ಅಂಗಡಿಯಿಂದ: ಕೆಟ್ಟ ಝೆರಾಕ್ಸು, ತಪ್ಪು ಟೈಪು, ಯಾರದೋ ಜಾತಿ ಪ್ರಮಾಣಪತ್ರ. ಅವನ ಎಡಗೈ ಕಣ್ಣಿನ ಸಹಾಯವಿಲ್ಲದೆ ಮೊಳೆಯ ಕಡೆ ಹೋಗಿ ಒಂದು ಹಾಳೆ ಕಿತ್ತು ತರುತ್ತಿತ್ತು. ಕಣ್ಣು ಎಣ್ಣೆಯಲ್ಲಿರುತ್ತಿತ್ತು, ಬಾಯಿ ಗಿರಾಕಿಯ ಜೊತೆಗಿರುತ್ತಿತ್ತು. ಅಮೀನನಿಗೆ ಬೇರೆ ಮೊಳೆ ಸಿಕ್ಕಿರಲಿಲ್ಲ.

“ಶುಕ್ರವಾರ ಸಾಲ ಕೊಟ್ಟಾವ್ರ ಸಭೆ ಐತಿ,” ಅಂದಳು ಶಿವಲೀಲಕ್ಕ. “ಅವತ್ತ ನಿನ್ನ ರದ್ದಿ ಕಾಗದ ಕೊಡಬ್ಯಾಡ.”

“ತೋಟಪ್ಪಜ್ಜ?” ಎಂದು ಕೇಳಿದೆ.

“ಅವನ್ನ ನೀ ಇಲ್ಲಿಗೆ ಕರಕೊಂಡ ಬಾ. ಸಹಿ ಬೇಕಂತ ಹೇಳು. ಸೈರನ್ ಆಗೂ ತನಕ ಕುಂಡರಸ್ಕೋ. ಅಷ್ಟ ಆಗೂದಿಲ್ಲೇನು ನಿನ್ನ ಕಡಿಂದ?”

ಆಗುತ್ತದೆ ಎಂದೆ. ಕಟ್ಟಡ ಹರಾಜಾದರೆ ನನ್ನ ಅಂಗಡಿಯೂ ಹೋಗುತ್ತಿತ್ತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಶುಕ್ರವಾರ ನಾಲ್ಕಕ್ಕೆ ಸಭೆ ಸೇರಿತು. ಬ್ಯಾಂಕಿನವನು, ಹಿಟ್ಟಿನವನು, ಕಟ್ಟಿಗೆಯವನು, ತರಕಾರಿಯವರು, ಕೆಲಸದವರು, ಇವರ ಜೊತೆಗೆ ಸಾಮಾನು ಇಟ್ಟವರೂ ಕುತೂಹಲಕ್ಕೆ ಬಂದವರೂ ಸೇರಿ ಎಪ್ಪತ್ತು ಜನ. ಕಟಗೇರಿಯವರು ವರದಿ ಓದಿದರು: ಪರಿಸ್ಥಿತಿ ಆಶಾದಾಯಕವಾಗಿದೆ, ಹಂಚಲು ಸದ್ಯ ಏನೂ ಇಲ್ಲ. ಪ್ರತಿ ಸಭೆಯಲ್ಲೂ ಅದನ್ನೇ ಓದುತ್ತಿದ್ದರು. ಇತರೆಯವರಿಗೆ ಮತ ಹಾಕುವ ಹಕ್ಕಿಲ್ಲ, ಮಾತಾಡುವ ಹಕ್ಕಿದೆ. ಶಿವಲೀಲಕ್ಕ ಎದ್ದು ನಿಂತಳು.

“ಹಂಚಾಕ ಇಲ್ಲಂತ ಯಾಕ ಅಂತೀರಿ? ಏಳನೇ ಸಾಲ ನೋಡ್ರಿ. ಮಿರ್ಚಿ ಅದಾವಲ್ಲ. ಬ್ಯಾಂಕಿನವ್ರು ಮಿರ್ಚಿ ಹರಾಜ ಹಾಕ್ತಾರೇನು? ಆಳಿಗೆ ನಾಕ ಹಂಚ್ರಿ. ಇಷ್ಟ ತಿಂಗಳಾತು, ಯಾರ ಕೈಗೂ ಏನೂ ಬಂದಿಲ್ಲ.”

ನಗು ಎದ್ದಿತು. ಬ್ಯಾಂಕಿನವನು ಮೇಲಿನವರನ್ನು ಕೇಳಬೇಕು ಎಂದ. ಕಟ್ಟಿಗೆಯವನು, “ಮಿರ್ಚಿ ತಿನ್ನಾಕೂ ಮ್ಯಾಲ ಕೇಳ್ತಿಯೇನೋ ನಿಮ್ಮಪ್ಪನ” ಎಂದ. ಕೈ ಎತ್ತಿಸಿದರು. ಅಂಗಡಿಯ ಇತಿಹಾಸದಲ್ಲಿ ಮೊದಲ ಬಾರಿಗೆ ಸರ್ವಾನುಮತ. ಕಟಗೇರಿಯವರಿಗೂ ಇದು ಅನುಕೂಲವೇ ಆಗಿತ್ತು. ಸಾಲ ಕೊಟ್ಟವನು ಮಿರ್ಚಿ ತಿಂದ ಮೇಲೆ ಇನ್ನೆರಡು ತಿಂಗಳು ಬಾಯಿ ಮುಚ್ಚಿಕೊಂಡಿರುತ್ತಾನೆ. ಅವರು ಒಳಕೋಣೆಗೆ ಹೋಗಿ ಯಾರಿಗೆ ಎಷ್ಟು ಎಂದು ಪಟ್ಟಿ ಬರೆಯಲು ಕುಳಿತರು.

ರುದ್ರಮುನಿ ಐದೂವರೆ ತಿಂಗಳ ನಂತರ ಒಲೆಯ ಮುಂದೆ ನಿಂತ. ಪಂಚೆ ಮೇಲಕ್ಕೆ ಕಟ್ಟಿದ. ಜನ ಸಾಲು ನಿಂತರು. ಒಳಗೆ ಹಸಿವಾಗುವುದಿಲ್ಲ, ಆದ್ದರಿಂದ ತಿನ್ನಬೇಕಾದವರು ಹೊರಗೇ ಒಯ್ಯಬೇಕು. ಮಿರ್ಚಿ ಬಿಸಿ ಇತ್ತು, ಬರಿಗೈಯಲ್ಲಿ ಹಿಡಿಯುವಂತಿರಲಿಲ್ಲ. “ಬರ್ರಿ ಬರ್ರಿ, ಏನ್ ಕಾಕಾ, ಸೊರಗೀರಲ್ಲ, ಇನ್ನೆರಡ ತಗೋರಿ,” ಎನ್ನುತ್ತ ರುದ್ರಮುನಿ ಬಲಗೈಯಿಂದ ಬುಟ್ಟಿಗೆ ಜಾಲರಿ ಸೌಟು ಹಾಕಿದ. ಎಡಗೈ ಮೊಳೆಗೆ ಹೋಯಿತು. ಚರ್ ಎಂದು ಒಂದು ಹಾಳೆ ಬಂತು. ಅಂಗೈಯಗಲದ ಕೋರ್ಟಿನ ಹಾಳೆಯಲ್ಲಿ ಎರಡು ಮಿರ್ಚಿ ಅಳತೆ ತೆಗೆದು ಮಾಡಿದ ಹಾಗೆ ಕೂತವು.

ನಾನು ಅದನ್ನು ಬಾಗಿಲಿನಿಂದ ನೋಡಿ, ತೋಟಪ್ಪಜ್ಜನ ಹತ್ತಿರ ಹೋದೆ. ಸಾಲಿನಲ್ಲಿದ್ದ ಯಾರೋ ಅವನ ಪಾಲನ್ನು ಆಗಲೇ ಅವನ ಕೈಗೆ ತಂದುಕೊಟ್ಟಿದ್ದರು, ಎರಡು ಮಿರ್ಚಿ, ಒಂದು ಹಾಳೆ. ಅವನು ಅದನ್ನು ಕುರ್ಚಿಯ ಮೇಲಿಟ್ಟು ಗೊಣಗುತ್ತ ನನ್ನ ಹಿಂದೆ ಬಂದ.

“ಎಷ್ಟ ಸಹಿ?”

“ಎಂಟ್ರಿ ಅಜ್ಜಾರ. ಮೊದಲ ಝೆರಾಕ್ಸ್ ತೆಗೀಬೇಕು.”

“ಲಗೂ ಮಾಡವ್ವಾ. ಇಲ್ಲಿ ನನ್ನ ಮೀಟರ್ ಓಡಾಕತ್ತೇತಿ.”

ಸ್ಟೂಲಿನ ಮೇಲೆ ಕುಳಿತು, ಎದೆಯ ಮೇಲೆ ಕೈಯಿಟ್ಟುಕೊಂಡು, ನನ್ನ ಗಡಿಯಾರವನ್ನೇ ನೋಡುತ್ತಿದ್ದ. ನಾನು ಕಾಗದ ತಿರುವಿ ಹಾಕಿದೆ, ಶಾಯಿ ಅಲ್ಲಾಡಿಸಿದೆ, ಒಂದೇ ಪುಟವನ್ನು ಮೂರು ಸಲ ತೆಗೆದೆ. ಐದು ಇಪ್ಪತ್ತಕ್ಕೆ ಕರೆಂಟು ಹೋಯಿತು. ಅದನ್ನು ನಾನು ಯೋಚಿಸಿರಲಿಲ್ಲ. ದಿನಾ ಐದು ಇಪ್ಪತ್ತಕ್ಕೇ ಹೋಗುತ್ತದೆ, ಆದರೂ ಯೋಚಿಸಿರಲಿಲ್ಲ.

“ಕರೆಂಟ ಬರೂದು ಏಳಕ್ಕ. ನಾಳಿ ಮಾಡೂಣ,” ಎಂದು ತೋಟಪ್ಪಜ್ಜ ಎದ್ದ.

“ಇನ್ನ ಹತ್ತ ನಿಮಿಷ ಕೂಡ್ರಿ ಅಜ್ಜಾರ. ಕೈಲೆ ಬರದ ಕೊಡ್ತೀನಿ.”

“ಹತ್ತ ನಿಮಿಷ ನಿನಗ ಅಗ್ಗ. ನನಗಲ್ಲ.”

ಹೋದ. ಸತ್ಯ ಹೇಳಬಹುದಿತ್ತು. ಹೇಳಿದ್ದರೆ ಅವನ ಗಂಟಲು ಒಳಕೋಣೆಗೆ ಕೇಳುತ್ತಿತ್ತು, ಕಟಗೇರಿಯವರು ಓಡಿಬಂದು ಉಳಿದ ಕಟ್ಟನ್ನು ಕಿತ್ತುಕೊಳ್ಳುತ್ತಿದ್ದರು, ಹೊರಗೆ ಹೋದ ಹಾಳೆಗಳನ್ನು ಆರರೊಳಗೆ ಆರಿಸಿ ತರಿಸುತ್ತಿದ್ದರು. ತೋಳು ಹಿಡಿದು ಕೂರಿಸಬಹುದಿತ್ತು, ಅವನು ನನಗಿಂತ ಹಗುರ ಇದ್ದ. ನಾನು ಎರಡೂ ಮಾಡಲಿಲ್ಲ. ಆರಕ್ಕೆ ಐದು ನಿಮಿಷ ಇರುವಾಗ ಏನಾದರೂ ನೆವ ತೆಗೆದು ಕರೆತಂದರಾಯಿತು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಆಗ ಬಹಳ ಸುಲಭವಾಗಿತ್ತು.

ಆರಕ್ಕೆ ಹತ್ತು ನಿಮಿಷ ಇರುವಾಗ ಕಟಗೇರಿಯವರು ಪಟ್ಟಿ ಮುಗಿಸಿ ಹೊರಗೆ ಬಂದರು. ಮೊಳೆ ನೋಡಿದರು. ಮೊಳೆ ಬರಿದಾಗಿತ್ತು.

“ರುದ್ರಮುನಿ. ಹಾಳಿ?”

“ಯಾವ ಹಾಳಿರಿ?” ಎಂದು ರುದ್ರಮುನಿ ತಿರುಗಿದ. ಎಡಗೈ ಅಷ್ಟರಲ್ಲಿ ಮೊಳೆಯ ಕಡೆ ಹೋಗಿ ಬರಿಗೈಯಾಗಿ ವಾಪಸು ಬಂತು. ಆ ಕೈಯನ್ನು ಅವನು ಬೇರೆಯವರ ಕೈ ನೋಡಿದ ಹಾಗೆ ನೋಡಿದ.

ಕಟಗೇರಿಯವರು ಬೀದಿಗೆ ಜಿಗಿದರು. ಮೂವತ್ತನಾಲ್ಕರ ಕಾಲು ಚೆನ್ನಾಗಿ ಓಡಿದವು. ಆದರೆ ಹಾಳೆಗಳು ಎಣ್ಣೆ ಕುಡಿದು ಚರಂಡಿಯಲ್ಲಿ ತೇಲುತ್ತಿದ್ದವು, ಕೆಲವು ಕೈ ಒರೆಸಿ ಮುದ್ದೆಯಾಗಿದ್ದವು, ನಾಲ್ಕೈದನ್ನು ಒಂದು ಆಡು ಮೆಲುಕು ಹಾಕುತ್ತ ನಿಂತಿತ್ತು. ಸಾಹೇಬರು ಆಡಿನ ಬಾಯಿಗೆ ಕೈ ಹಾಕಿದರು. ಒಳಗೆ ಸುದ್ದಿ ತಿಳಿಯಿತು. ಸಾಮಾನು ಇಟ್ಟವರೆಲ್ಲ ಒಮ್ಮೆಲೇ ಎದ್ದರು. ಮಾಬೂಬಿ ಎರಡು ಬುಟ್ಟಿ ತಲೆ ಮೇಲೆ ಹೊತ್ತಳು, ಡೈರಿಯವರು ಕ್ಯಾನು ಉರುಳಿಸಿದರು, ಹೆಂಗಸರು ಹಿಟ್ಟಿನ ಪಾತ್ರೆ ಎದೆಗೆ ಅವಚಿಕೊಂಡರು. ಬಾಗಿಲು ಒಂದೇ. ನಾನು ಆ ಬಾಗಿಲಿನಿಂದ ಒಳಗೆ ನುಗ್ಗಲು ನೋಡಿದೆ. ಹಾಲಿನ ಕ್ಯಾನು ಮೊಣಕಾಲಿಗೆ ಬಡಿದು ಹಿಂದಕ್ಕೆ ಬಿದ್ದೆ. ಮತ್ತೆ ಎದ್ದೆ.

“ಅಜ್ಜಾರ! ಹೊರಗ ಬರ್ರಿ! ಲಗೂ ಬರ್ರಿ!”

ತೋಟಪ್ಪಜ್ಜ ಮೂಲೆಯ ಕುರ್ಚಿಯಲ್ಲಿ ಕುಳಿತು ಊರಿನವರ ಓಟ ನೋಡಿ ನಗುತ್ತಿದ್ದ. ಬುಟ್ಟಿಯ ಮಿರ್ಚಿಗಾಗಿ ಓಡುತ್ತಿದ್ದಾರೆ ಎಂದುಕೊಂಡಿದ್ದನೋ ಏನೋ.

“ಏ ಭಾಗಿ, ಹೊರಗ ಬಂದ್ರ ಸಾಯಾಂವ ನಾ. ನನಗ ಇವ್ರಂಗ ಹುಚ್ಚ ಹಿಡದಿಲ್ಲ.”

“ಹಾಳಿ ಎಲ್ಲಾ ಹೋಗ್ಯಾವ್ರಿ! ಮೊಳಿ ನೋಡ್ರಿ!”

ಆಗ ಹೇಳಿದೆ. ಅವನು ಮೊಳೆಯ ಕಡೆ ತಲೆ ತಿರುಗಿಸುವಷ್ಟರಲ್ಲಿ ಗಿರಣಿಯ ಸೈರನ್ ಶುರುವಾಯಿತು.

ನಮ್ಮ ಊರಿನ ಸೈರನ್ ಸರಿಯಾಗಿ ಒಂದು ನಿಮಿಷ ಕೂಗುತ್ತದೆ. ಆ ಒಂದು ನಿಮಿಷದಲ್ಲಿ ಒಳಗೆ ನೂರಾ ನಲವತ್ತೈದು ದಿನ ಸರಿದವು. ನಾನು ಹೊಸಿಲ ಹೊರಗೆ ನಿಂತು ನೋಡಿದೆ. ಉಳಿದುಹೋದ ಮಲ್ಲಿಗೆ ಕಂದು ಬಣ್ಣಕ್ಕೆ ತಿರುಗಿ ಪುಡಿಯಾಯಿತು. ಹಿಟ್ಟು ಉಬ್ಬಿ ಪಾತ್ರೆಯ ಮುಚ್ಚಳ ತಳ್ಳಿ ಕುಸಿಯಿತು. ತಪ್ಪಿಸಿಕೊಳ್ಳಲಾಗದೆ ಒಲೆಯ ಹತ್ತಿರ ನಿಂತಿದ್ದ ರುದ್ರಮುನಿಯ ಗಡ್ಡ ಎದೆಗೆ ಇಳಿಯಿತು. ತೋಟಪ್ಪಜ್ಜ ಮೊದಲು ಆಶ್ಚರ್ಯದಿಂದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ.

“ಭಾಗಿ,” ಅಂದ. ಸೈರನ್ನಿನ ನಡುವೆಯೂ ಕೇಳಿಸಿತು. ಮುಖ ಅರಳಿತ್ತು. “ಹಸಿವಾಗಾಕತ್ತೇತಿ ನೋಡವ್ವಾ.”

ಕೈಯಲ್ಲಿದ್ದ ಹಾಳೆ ಬಿಚ್ಚಿ ಒಂದು ಮಿರ್ಚಿ ತಿಂದ. ಎರಡನೆಯದನ್ನು ಅರ್ಧ ಕಚ್ಚಿದ. ಆಮೇಲೆ ತಿನ್ನಲಿಲ್ಲ.

ಸೈರನ್ ನಿಂತ ಮೇಲೂ ಶೆಟರಿನ ನೋಟೀಸು ಉದುರಲಿಲ್ಲ. ಕೋರ್ಟಿನ ಜವಾನ ಬಂದು ಶಿವಲೀಲಕ್ಕನ ಎದುರಿಗೆ ಲೆಕ್ಕ ಹಾಕಿದ: ಮೊದಲಿನವು ಮೂವತ್ತನಾಲ್ಕು, ಇವತ್ತಿನವು ನೂರಾ ನಲವತ್ತೈದು. ಒಟ್ಟು ನೂರಾ ಎಪ್ಪತ್ತೊಂಬತ್ತು. ಒಂದು ಕಡಿಮೆ. ಶಿವಲೀಲಕ್ಕ ಚರಂಡಿಯಲ್ಲಿ ಕೈಯಾಡಿಸಿದಳು, ಆಡನ್ನು ಅನುಮಾನದಿಂದ ನೋಡಿದಳು. ಆಮೇಲೆ ಒಳಗೆ ಕಣ್ಣು ಹಾಯಿಸಿದಳು. ಹಾಳೆ ತೋಟಪ್ಪಜ್ಜನ ಮುಷ್ಟಿಯಲ್ಲಿತ್ತು.

“ಬಿಡಸ್ಲೇನ್ರಿ?” ಎಂದ ಜವಾನ.

“ಮುಟ್ಟಬ್ಯಾಡ,” ಎಂದಳು ಅವಳು. ಅಷ್ಟೇ ಹೇಳಿ, ನನ್ನ ಅಂಗಡಿಯ ಸ್ಟೂಲಿನ ಮೇಲೆ ಬಂದು ಕುಳಿತಳು. “ಅಷ್ಟ ಆಗಲಿಲ್ಲಲ್ಲ ನಿನ್ನ ಕಡಿಂದ” ಎಂದಳು. ಬೈದ ಹಾಗೆ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತೋಟಪ್ಪಜ್ಜನ ಮಗ ದೂರದೂರಿನಿಂದ ಬರಬೇಕಿತ್ತು. ಒಂದು ಹಾಳೆ ಬಾಕಿ ಇದ್ದದ್ದರಿಂದ ಒಳಗಿನ ದಿನ ಮತ್ತೆ ನಿಂತಿತ್ತು. ಹೆಣವನ್ನು ಅಲ್ಲೇ ಇಟ್ಟರು, ಐಸಿನ ಖರ್ಚು ಉಳಿಯಿತು. ಅದಕ್ಕೆ ಕಟಗೇರಿಯವರು ಒಂದು ದಿನದ ರಸೀದಿ ಹರಿದರು. ಮರುದಿನ ಮಧ್ಯಾಹ್ನ ನಾಲ್ಕು ಜನ ಅಜ್ಜನನ್ನು ಕುರ್ಚಿ ಸಮೇತ ಎತ್ತಿ ಹೊಸಿಲು ದಾಟಿಸಿದರು. ಸಂಜೆ ಆರಕ್ಕೆ ಸೈರನ್ ಕೂಗಿತು, ನೋಟೀಸು ಉದುರಿತು, ಶೆಟರು ಶಿವಲೀಲಕ್ಕನದಾಯಿತು.

ಕಟಗೇರಿಯವರು ಸಾಮಾನು ಮಾರಿದರು. ಮೊದಲ ಸಾಲಿನವರು ಅವರೇ ಆಗಿದ್ದರಿಂದ ಎರಡನೇ ಸಾಲಿನ ತನಕ ಏನೋ ಸ್ವಲ್ಪ ತಲುಪಿತು. ‘ಇತರೆ’ಗೆ ಬಂದದ್ದು ಒಂದು ಜಾಲರಿ ಸೌಟು. ಮೊಳೆಯನ್ನು ಮಾರುವಂತಿರಲಿಲ್ಲ, ಗೋಡೆಗೆ ಹೊಡೆದದ್ದು ಕಟ್ಟಡಕ್ಕೆ ಸೇರುತ್ತದೆ. ಪೇಂಟಿನವನು ಮುಂಗಡ ಕೊಟ್ಟ, ಸೊಸೈಟಿಯವರು ಹರಾಜು ನಿಲ್ಲಿಸಿದರು. ಶಿವಲೀಲಕ್ಕ ಈ ಸಲ ಕರಾರು ಪತ್ರ ಮಾಡಿಸಿದಳು, ಹನ್ನೊಂದು ಪುಟ, ನಾನೇ ಟೈಪ್ ಮಾಡಿದೆ. ಉಪ್ಪನ್ನೂ ತಿನ್ನಿಸಿದಳು. ರುದ್ರಮುನಿ ಗಡ್ಡ ಬೋಳಿಸಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಗಾಡಿ ಹಾಕಿದ. ಎಡಗೈಯನ್ನು ಈಗ ಪಂಚೆಗೆ ಸಿಕ್ಕಿಸಿಕೊಂಡು ಒಂದೇ ಕೈಯಲ್ಲಿ ವ್ಯಾಪಾರ ಮಾಡುತ್ತಾನೆ. ಕಾಗದ ಬೇಕಾದವರು ತಾವೇ ತರಬೇಕು.

ಕೊನೆಯ ವರದಿಗೆ ನಷ್ಟದ ಪಟ್ಟಿ ಬೇಕಿತ್ತು. ಕಟಗೇರಿಯವರು ಹೇಳುತ್ತಾ ಹೋದರು, ನಾನು ಟೈಪ್ ಮಾಡಿದೆ. ಅವರು ಸಹಿ ಹಾಕುವ ಮೊದಲು ಕಡೆಯ ಸಾಲನ್ನು ನಾನೇ ಸೇರಿಸಿದೆ, ಅವರು ಓದಿಯೇ ಸಹಿ ಹಾಕಿದರು. ಹಾಲು, ಮೂರು ಕ್ಯಾನು. ಮಲ್ಲಿಗೆ, ಒಂಬತ್ತು ಬುಟ್ಟಿ. ಇಡ್ಲಿ ಹಿಟ್ಟು, ಹದಿನಾಲ್ಕು ಪಾತ್ರೆ. ಮಿರ್ಚಿ, ನೂರಾ ಇಪ್ಪತ್ತೂವರೆ. ಬಾಡಿಗೆ, ಆರು ತಿಂಗಳದ್ದು. ತೋಟಪ್ಪ, ಒಂದು.